ಲೈನ್ ಮನೆಯಿಂದ ಎಕನಾಮಿಕ್ಸ್ ಪಿಎಚ್‌ಡಿಗೆ ದಾರಿ ಇದೆಯಾ? ಮೂಡಿಗೆರೆ ಕಡೆಯ ವಿದ್ಯಾರ್ಥಿನಿಗೆ ಉತ್ತರ

ಪ್ರಶ್ನೆ: ಮೇಡಂ ನಮಸ್ತೆ. ನಾನು ಚಿಕ್ಕಮಗಳೂರಲ್ಲಿ ಬಿಎ ಫೈನಲ್ ಇಯರ್ ಓದ್ತಿದೀನಿ, ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್. ಪಿಯುಸಿನೂ ಆರ್ಟ್ಸೇ, ಎಲ್ಲಾ ಕನ್ನಡ ಮೀಡಿಯಂ. ಅಮ್ಮ ಮೂಡಿಗೆರೆ ಹತ್ರ ಒಂದು ಕಾಫಿ ಎಸ್ಟೇಟಲ್ಲಿ ಕೆಲಸಕ್ಕೆ ಹೋಗ್ತಾರೆ, ನಾವಿರೋದು ಅಲ್ಲೇ ಆಳುಗಳಿಗೆ ಸಾಲಾಗಿ ಕಟ್ಟಿರೋ ಲೈನ್ ಮನೇಲಿ, ಅಪ್ಪ ಇಲ್ಲ, ತಮ್ಮ ಎಸ್ಸೆಸ್ಸೆಲ್ಸಿ. ಗೃಹಲಕ್ಷ್ಮಿ ದುಡ್ಡು ಬರೋಕೆ ಶುರುವಾದ ಮೇಲೆ ಅಮ್ಮ ಅದನ್ನ ಕೂಡಿಟ್ಟು ಎಸ್ಟೇಟಿಂದ ತಗೊಂಡಿದ್ದ ಅಡ್ವಾನ್ಸ್ ಪೂರ್ತಿ ತೀರಿಸಿದ್ರು. ಈಗ ಬೇರೆ ತೋಟಕ್ಕೂ ಹಣ್ಣು ಕುಯ್ಯೋಕೆ ಹೋಗ್ತಾರೆ, ಮೊದಲು ಅಡ್ವಾನ್ಸ್ ಬಾಕಿ ಇದ್ದಿದ್ರಿಂದ ಹಂಗೆ ಹೋಗೋಕೆ ಆಗ್ತಿರಲಿಲ್ಲ. ಇದನ್ನ ಕ್ಲಾಸಲ್ಲಿ ಹೇಳಿದಾಗ ನಮ್ಮ ಸರ್, ಇಂಥದ್ದನ್ನೇ ಸ್ಟಡಿ ಮಾಡೋ ಎಕನಾಮಿಸ್ಟ್‌ಗಳು ಇದಾರೆ ಅಂದ್ರು. ಅವತ್ತಿಂದ ಅದೇ ತಲೇಲಿ ಕೂತಿದೆ. ಆದ್ರೆ ಮ್ಯಾಥ್ಸ್ ಇಲ್ದೆ ಎಕನಾಮಿಕ್ಸಲ್ಲಿ ಮುಂದೆ ಹೋಗೋಕಾಗಲ್ಲ ಅಂತ ಸೀನಿಯರ್ಸ್ ಹೇಳ್ತಾರೆ. ಮಾವ ಬಿಎಡ್ ಮಾಡು ಇಲ್ಲಾಂದ್ರೆ ಕೆಎಎಸ್‌ಗೆ ಓದು, ಬಡವರ ಕಷ್ಟ ತಿಳ್ಕೊಳೋಕೆ ಪಿಎಚ್‌ಡಿ ಯಾಕೆ, ಮನೇಲೇ ನೋಡಿದೀಯಲ್ಲ ಅಂತಾರೆ. ಎಷ್ಟು ವರ್ಷ ಆಗುತ್ತೆ, ಅಷ್ಟು ದಿನ ಮನೆ ಹೇಗೆ ನಡೆಯುತ್ತೆ, ಕೊನೆಗೆ ಕೆಲಸ ಸಿಗುತ್ತಾ? ದಯವಿಟ್ಟು ನಿಜ ಹೇಳಿ.

ಉತ್ತರ: ನಿಮ್ಮ ಪತ್ರನ ಮೂರು ಸಲ ಓದಿದೆ. ನಾನು ಸಕಲೇಶಪುರ ಕಡೆಯವಳು, ನಮ್ಮಪ್ಪ ಎಸ್ಟೇಟಲ್ಲಿ ರೈಟರ್ ಆಗಿದ್ರು, ಅಂದ್ರೆ ನಿಮ್ಮಮ್ಮನಂಥವರ ಹೆಸರನ್ನ ಚೆಕ್‌ರೋಲಲ್ಲಿ, ಅಂದ್ರೆ ಹಾಜರಿ ಪುಸ್ತಕದಲ್ಲಿ, ಬರೆಯೋ ಕೈ ನಮ್ಮನೇದು. ಹಂಗಾಗಿ ನೀವು ಬರೆದಿರೋ ಅಡ್ವಾನ್ಸ್ ವಿಷಯ ನನಗೆ ಹೊಸದಲ್ಲ, ಆದ್ರೆ ಅದನ್ನ ಒಂದು ಸರ್ಕಾರಿ ಯೋಜನೆ ಜೊತೆ ಜೋಡಿಸಿ ಬಿಎ ಓದೋ ಹುಡುಗಿಯೊಬ್ಬಳು ಕೇಳಿದ್ದು ನನಗೆ ಹೊಸದು. ನಿಮ್ಮ ಪತ್ರದಲ್ಲಿ ಎರಡು ಆತಂಕ ಇದೆ ಅಂತ ನನಗನ್ಸುತ್ತೆ, ಒಂದು ನನಗೆ ಇದು ಆಗುತ್ತಾ ಅನ್ನೋದು, ಇನ್ನೊಂದು ಮಾವ ಹೇಳಿದ್ದು ನಿಜಾನೇನೋ, ಇದರಿಂದ ಏನಾದ್ರೂ ಉಪಯೋಗ ಇದೆಯಾ ಅನ್ನೋದು. ಎರಡನೇದರಿಂದ ಶುರು ಮಾಡ್ತೀನಿ, ಯಾಕಂದ್ರೆ ಅದು ಗಟ್ಟಿ ಆಗದೆ ಆರೇಳು ವರ್ಷ ಓದೋ ಧೈರ್ಯ ಯಾರಿಗೂ ಉಳಿಯಲ್ಲ.

ನಿಮ್ಮ ಮಾವ ಹೇಳಿದ್ದರಲ್ಲಿ ಅರ್ಧ ಸರಿ. ಕಷ್ಟ ಏನು ಅಂತ ತಿಳ್ಕೊಳೋಕೆ ನಿಮಗೆ ಯಾವ ಡಿಗ್ರಿನೂ ಬೇಡ. ಆದ್ರೆ ಒಂದು ಯೋಜನೆಯಿಂದ ಆ ಕಷ್ಟ ಕಡಿಮೆ ಆಯ್ತಾ, ಎಷ್ಟಾಯ್ತು, ಯಾರಿಗೆ ಆಯ್ತು, ಯಾರಿಗೆ ಆಗಲೇ ಇಲ್ಲ ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ಉತ್ತರ ಮನೇಲಿ ಕೂತು ಸಿಗಲ್ಲ. ನಿಮ್ಮಮ್ಮನ ವಿಷಯಾನೇ ತಗೊಳ್ಳಿ. ಗೃಹಲಕ್ಷ್ಮಿ ಶುರುವಾಗಿದ್ದು 2023ರ ಆಗಸ್ಟಲ್ಲಿ, ತಿಂಗಳಿಗೆ 2000 ರೂಪಾಯಿ. ಅಮ್ಮನ ಸಾಲ ತೀರಿತು, ಹೊರಗಡೆ ಹೋಗಿ ದುಡಿಯೋ ಸ್ವಾತಂತ್ರ್ಯ ಬಂತು. ಹಂಗಾದ್ರೆ ಗೃಹಲಕ್ಷ್ಮಿಯಿಂದ ಅಂತ ಹೇಳಿಬಿಡಬಹುದಾ? ಅದೇ ಹೊತ್ತಲ್ಲಿ ಕಾಫಿ ರೇಟು ಏನಾಗಿತ್ತು ನೆನಪು ಮಾಡ್ಕೊಳ್ಳಿ. 2023ರ ಕೊನೆಯಿಂದ 2024ಕ್ಕೆ ರೋಬಸ್ಟಾ ಕಾಫಿ ಬೆಲೆ ಹಿಂದೆಂದೂ ನೋಡದಷ್ಟು ಏರಿತು. ಬೆಲೆ ಏರಿದಾಗ ಹಣ್ಣು ಗಿಡದಲ್ಲೇ ಉಳಿಯೋಕೆ ಯಾವ ಸಾಹುಕಾರ್ರೂ ಬಿಡಲ್ಲ, ಆಳಿಗೆ ಪೈಪೋಟಿ ಶುರುವಾಗುತ್ತೆ, ಕೆಜಿ ಲೆಕ್ಕದ ಕೂಲಿ ಏರುತ್ತೆ, ಪಕ್ಕದ ತೋಟದವರು ಜೀಪು ಕಳಿಸಿ ಕರ್ಕೊಂಡು ಹೋಗ್ತಾರೆ. ಹಂಗಾಗಿ ಗೃಹಲಕ್ಷ್ಮಿ ಬರದೇ ಇದ್ದಿದ್ರೂ ನಿಮ್ಮಮ್ಮ ಆ ಅಡ್ವಾನ್ಸ್ ತೀರಿಸ್ತಿದ್ರೇನೋ. ತೀರಿಸ್ತಿದ್ರಾ ಇಲ್ವಾ ಅನ್ನೋದೇ ಪ್ರಶ್ನೆ. ಎಕನಾಮಿಸ್ಟ್‌ಗಳಾದ ನಮ್ಮ ಕಸುಬು ಪೂರ್ತಿ ನಿಂತಿರೋದು ಇದರ ಮೇಲೇನೇ: ಆ ಯೋಜನೆ ಇಲ್ಲದೇ ಇದ್ದಿದ್ರೆ ಇದೇ ಜನರಿಗೆ ಏನಾಗ್ತಿತ್ತು? ದುಡ್ಡು ಮಾತ್ರ ಬರದ, ಬಾಕಿ ಎಲ್ಲದರಲ್ಲೂ ನಿಮ್ಮಮ್ಮನಂಥದ್ದೇ ಇನ್ನೊಬ್ಬ ಅಮ್ಮ ಎಲ್ಲೂ ಸಿಗಲ್ಲ, ಹಾಗಾಗಿ ಆದಷ್ಟು ಹತ್ತಿರದ ಹೋಲಿಕೆ ಹುಡುಕಬೇಕು.

ಹುಡುಕೋದು ಹೇಗೆ? ನಿಮ್ಮ ಲೈನಲ್ಲೇ ಈಗ ಅಸ್ಸಾಂ ಕಡೆಯಿಂದ ಬಂದವರು ಇರಬಹುದು, ಅವರಿಗೆ ಇಲ್ಲಿನ ರೇಷನ್ ಕಾರ್ಡಿಲ್ಲ, ಗೃಹಲಕ್ಷ್ಮಿ ಬರಲ್ಲ. ಅವರನ್ನ ನಿಮ್ಮಮ್ಮನ ಜೊತೆ ಹೋಲಿಸಬಹುದಾ ಅಂದ್ರೆ ಬೇಡ, ಅವರ ಅಡ್ವಾನ್ಸ್ ಇರೋದು ಕಂಟ್ರಾಕ್ಟರ್ ಹತ್ರ, ವರ್ಷದಲ್ಲಿ ಕೆಲವೇ ತಿಂಗಳು ಇರ್ತಾರೆ, ಅವರ ಬದುಕಿನ ಲೆಕ್ಕಾನೇ ಬೇರೆ. ಅದೇ ಲೈನಲ್ಲಿ ಆಧಾರ್ ಲಿಂಕ್ ಆಗದೆಯೋ ಬ್ಯಾಂಕ್ ಖಾತೆ ತೊಂದರೆಯಿಂದಲೋ ಆರೇಳು ಕಂತು ಸಿಕ್ಕಿಹಾಕಿಕೊಂಡ ಹೆಂಗಸರಿದ್ರೆ? ಅವರು ನಿಮ್ಮಮ್ಮನಂಥವರೇ, ಅದೇ ಕೂಲಿ, ಅದೇ ಸಾಹುಕಾರ್ರು, ಅದೇ ಕಾಫಿ ರೇಟು, ದುಡ್ಡು ಮಾತ್ರ ಬಂದಿಲ್ಲ. ಈ ಹೋಲಿಕೆಗೆ ಸ್ವಲ್ಪ ಬೆಲೆ ಇದೆ. ಅದರಲ್ಲೂ ಒಂದು ಅನುಮಾನ ಉಳಿಯುತ್ತೆ, ಲಿಂಕ್ ಆಗದವರು ಓದು ಬರದವರು, ಕರ್ಕೊಂಡು ಹೋಗೋರಿಲ್ಲದ ವಯಸ್ಸಾದವರು ಆಗಿದ್ರೆ ಅವರು ಮೊದಲಿಂದಾನೇ ಬೇರೆ ಥರ ಇದ್ರು ಅಂತಾಯ್ತಲ್ಲ. ನಮ್ಮ ಕೆಲಸದಲ್ಲಿ ಹೀಗೇ, ಒಂದು ಬಾಗಿಲು ತೆಗೆದ್ರೆ ಇನ್ನೊಂದು ಅನುಮಾನ ನಿಂತಿರುತ್ತೆ, ಒಂದೊಂದನ್ನೇ ಮುಚ್ಚಿಕೊಂಡು ಹೋಗಬೇಕು.

ಇದು ಲೈನ್ ಮನೆ ಮಟ್ಟದ ಮಾತಾಯ್ತು. ದೊಡ್ಡ ಮಟ್ಟದಲ್ಲೂ ಇದೇ ತೊಡಕು. ಉದ್ಯೋಗ ಖಾತ್ರಿ ಕಾನೂನು ಬಂದಿದ್ದು 2005ರಲ್ಲಿ, ಜಾರಿಯಾಗಿದ್ದು ಮೂರು ಹಂತದಲ್ಲಿ. 2006ರ ಫೆಬ್ರವರಿಯಲ್ಲಿ ದೇಶದ 200 ಜಿಲ್ಲೆ, 2007ರಲ್ಲಿ ಇನ್ನೂ 130, ಉಳಿದವು 2008ರ ಏಪ್ರಿಲಲ್ಲಿ. ಹಂತ ಹಂತವಾಗಿ ಬಂದಿದ್ದಕ್ಕೇ ಸಂಶೋಧಕರಿಗೆ ಅದು ದೊಡ್ಡ ಅವಕಾಶ ಆಯ್ತು, ಮೊದಲು ಸಿಕ್ಕ ಜಿಲ್ಲೆನ ಇನ್ನೂ ಸಿಗದ ಜಿಲ್ಲೆ ಜೊತೆ ಹೋಲಿಸಿ ಕೂಲಿ ಏರಿತಾ, ಗುಳೆ ಹೋಗೋದು ಕಡಿಮೆ ಆಯ್ತಾ ಅಂತ ನೋಡಿದ್ರು. ನಮ್ಮ ರಾಜ್ಯದಲ್ಲಿ ಮೊದಲ ಹಂತದಲ್ಲಿ ಬೀದರ್, ಗುಲ್ಬರ್ಗ, ರಾಯಚೂರು, ಚಿತ್ರದುರ್ಗ, ದಾವಣಗೆರೆ. ಚಿಕ್ಕಮಗಳೂರು, ಹಾಸನ, ಕೊಡಗು ಮೂರೂ ಎರಡನೇ ಹಂತದಲ್ಲಿ ಒಟ್ಟಿಗೇ ಬಂದವು. ಈಗ ನೀವೇ ಯೋಚನೆ ಮಾಡಿ, ಕಾಫಿ ಆಳುಗಳ ಮೇಲೆ ಇದರ ಪರಿಣಾಮ ಏನು ಅಂತ ನೋಡಬೇಕಂದ್ರೆ ಕಾಫಿ ಬೆಳೆಯೋ ಮೂರೂ ಜಿಲ್ಲೆ ಒಂದೇ ದಿನ ಒಳಗೆ ಬಂದ್ರೆ ಯಾವುದರ ಜೊತೆ ಹೋಲಿಸ್ತೀರಿ? ಮಂಡ್ಯ ಮೂರನೇ ಹಂತ, ಆದ್ರೆ ಅಲ್ಲಿರೋದು ಕಬ್ಬು. ಪಕ್ಕದ ವಯನಾಡಲ್ಲಿ ಕಾಫಿ ಇದೆ, ಅದು ಮೊದಲ ಹಂತಕ್ಕೇ ಬಂದಿತ್ತು, ಆದ್ರೆ ಕೇರಳದ ಕೂಲಿ, ಅಲ್ಲಿನ ಯೂನಿಯನ್ನು ಎಲ್ಲಾ ಬೇರೆ. ಹೋಗ್ಲಿ, ಚಿಕ್ಕಮಗಳೂರಲ್ಲೇ ಮುಂಚೆ ಹೇಗಿತ್ತು ಆಮೇಲೆ ಹೇಗಾಯ್ತು ಅಂತ ನೋಡೋಣ ಅಂದ್ರೆ, 2001-02ರ ಹೊತ್ತಿಗೆ ಪಾತಾಳಕ್ಕಿಳಿದಿದ್ದ ಕಾಫಿ ಬೆಲೆ ಆ ವರ್ಷಗಳಲ್ಲೇ ಚೇತರಿಸ್ಕೋತಿತ್ತು. ಕೂಲಿ ಏರಿದ್ರೆ ಖಾತ್ರಿಯಿಂದ ಏರಿತಾ ಕಾಫಿಯಿಂದ ಏರಿತಾ? ಈ ಗಂಟು ಬಿಡಿಸೋಕೆ ದೆಹಲಿಯಲ್ಲಿ ಕೂತು ಡೇಟಾ ಡೌನ್‌ಲೋಡ್ ಮಾಡಿದವರಿಗೆ ಕಾಫಿ ಲೆಕ್ಕ ತಲೆಗೇ ಬರದೇ ಹೋಗಬಹುದು. ನಿಮಗೆ ಬರುತ್ತೆ. ನಿಮ್ಮ ಮನೆ, ನಿಮ್ಮ ಊರು ನಿಮಗೆ ಕೊಡೋದು ಇಂಥ ಪ್ರಶ್ನೆಗಳನ್ನ, ಇಂಥ ಅನುಮಾನಗಳನ್ನ. ಉತ್ತರ ಹುಡುಕೋ ವಿದ್ಯೆನ ಮಾತ್ರ ಬೇರೆ ಕಡೆ ಹೋಗಿ ಕಲೀಬೇಕು.

ಆ ವಿದ್ಯೆ ಬರೀ ಕಾಗದದ ಮೇಲೆ ಉಳಿಯುತ್ತೆ ಅಂತಾನೂ ಅನ್ಕೋಬೇಡಿ. ಬಿಹಾರದಲ್ಲಿ 2006ರಿಂದ ಒಂಬತ್ತನೇ ಕ್ಲಾಸಿನ ಹೆಣ್ಣುಮಕ್ಕಳಿಗೆ ಸೈಕಲ್ ತಗೊಳೋಕೆ ದುಡ್ಡು ಕೊಟ್ರು, ನಮ್ಮಲ್ಲಿ ಎಂಟನೇ ಕ್ಲಾಸಿಗೆ ಸೈಕಲ್ಲನ್ನೇ ಕೊಡ್ತಿದ್ರಲ್ಲ ಹಾಗೆ. ಕಾರ್ತಿಕ್ ಮುರಳೀಧರನ್ ಮತ್ತೆ ನಿಶಿತ್ ಪ್ರಕಾಶ್ ಅನ್ನೋ ಇಬ್ಬರು ಎಕನಾಮಿಸ್ಟ್‌ಗಳು ಬಿಹಾರದ ಹುಡುಗಿಯರನ್ನ ಅಲ್ಲಿನ ಹುಡುಗರ ಜೊತೆ ಹೋಲಿಸಿದ್ರು, ಆಮೇಲೆ ಆ ಅಂತರನ ಪಕ್ಕದ ಜಾರ್ಖಂಡಿನ ಅಂತರದ ಜೊತೆ ಹೋಲಿಸಿದ್ರು, ಯಾಕಂದ್ರೆ 2000ದ ತನಕ ಎರಡೂ ಒಂದೇ ರಾಜ್ಯ. ಹೈಸ್ಕೂಲಿಗೆ ಸೇರೋ ಹುಡುಗಿಯರ ಸಂಖ್ಯೆ ಶೇಕಡ 32ರಷ್ಟು ಏರಿತ್ತು, ಅದೂ ಹೆಚ್ಚಾಗಿ ಹೈಸ್ಕೂಲು ಮೂರು ಕಿಲೋಮೀಟರಿಗಿಂತ ದೂರ ಇದ್ದ ಹಳ್ಳಿಗಳಲ್ಲಿ. ಆ ದೂರದ ಲೆಕ್ಕ ನೋಡಿ, ಸೈಕಲ್ಲೇ ಕಾರಣ ಅಂತ ಗಟ್ಟಿಯಾಗಿ ಹೇಳೋಕೆ ಅದೇ ಸಾಕ್ಷಿ. ದುಡ್ಡಿನ ಆಸೆಗೆ ಸೇರಿದ್ರೆ ಹತ್ತಿರದ ಹಳ್ಳಿಯಲ್ಲೂ ಅಷ್ಟೇ ಏರಬೇಕಿತ್ತು.

ಇನ್ನೊಂದು ಕಡೆ ಇದೆ, ಅದನ್ನೂ ಹೇಳ್ತೀನಿ. 1992ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಕನಿಷ್ಠ ಕೂಲಿ ಏರಿಸಿದಾಗ ಡೇವಿಡ್ ಕಾರ್ಡ್, ಅಲನ್ ಕ್ರೂಗರ್ ಅನ್ನೋರು ಅಲ್ಲಿನ ಮತ್ತೆ ಪಕ್ಕದ ಪೆನ್ಸಿಲ್ವೇನಿಯಾದ 410 ಹೋಟೆಲುಗಳನ್ನ ಹೋಲಿಸಿ, ಕೂಲಿ ಏರಿದ್ರಿಂದ ಕೆಲಸ ಕಡಿಮೆ ಆಗಿಲ್ಲ ಅಂದ್ರು. ಅದನ್ನ ಒಪ್ಪದೆ ಬೇರೆಯವರು ಬೇರೆ ಅಂಕಿಅಂಶ ತಂದು ಮತ್ತೆ ಲೆಕ್ಕ ಹಾಕಿದ್ರು, ವರ್ಷಗಟ್ಟಲೆ ವಾದ ನಡೀತು. ಕಾರ್ಡ್‌ಗೆ ನೊಬೆಲ್ ಬಂದಿದ್ದು 2021ರಲ್ಲಿ. ನೀವು ಬರೆದಿದ್ದನ್ನ ಜನ ಒಡೆದು ನೋಡ್ತಾರೆ, ಅದು ಈ ಕೆಲಸದ ನೋವೂ ಹೌದು, ಅದರ ಬೆಲೆಯೂ ಹೌದು.

ಈಗ ನಿಮ್ಮ ಮೊದಲ ಆತಂಕ. ಮ್ಯಾಥ್ಸ್ ಇಲ್ದೆ ಆಗಲ್ಲ ಅಂತ ಸೀನಿಯರ್ಸ್ ಹೇಳಿದ್ದು ನಿಜ, ಆದ್ರೆ ಪಿಯುಸಿಯಲ್ಲಿ ತಗೊಂಡಿಲ್ಲ ಅಂದ್ರೆ ಕಥೆ ಮುಗೀತು ಅನ್ನೋದು ಸುಳ್ಳು. ಬೇಕಾಗಿರೋ ಗಣಿತ ಇಷ್ಟು: ಡೆರಿವೇಟಿವ್ ಅಂದ್ರೇನು, ಮ್ಯಾಟ್ರಿಕ್ಸ್ ಲೆಕ್ಕ ಮಾಡೋದು ಹೇಗೆ, ಪ್ರಾಬಬಿಲಿಟಿ, ಸ್ಯಾಂಪಲ್ ತಗೊಂಡು ಪೂರ್ತಿ ಜನರ ಬಗ್ಗೆ ಹೇಗೆ ಹೇಳ್ತೀವಿ ಅನ್ನೋದು, ರಿಗ್ರೆಶನ್, ಅಂದ್ರೆ ಒಂದು ಬದಲಾದ್ರೆ ಇನ್ನೊಂದು ಎಷ್ಟು ಬದಲಾಗುತ್ತೆ ಅಂತ ಅಳೆಯೋ ಲೆಕ್ಕ. ಪಿಯುಸಿ ಸೈನ್ಸ್ ಮಕ್ಕಳ ಎರಡು ವರ್ಷದ ಮ್ಯಾಥ್ಸ್ ಪುಸ್ತಕನ ದಿನಾ ಎರಡು ಗಂಟೆ ಹಿಡಿದು ಕೂತ್ರೆ ಒಂದು ವರ್ಷದಲ್ಲಿ ದಾಟಬಹುದು, ಸ್ವಯಂ ಮತ್ತೆ ಎನ್‌ಪಿಟಿಇಎಲ್ ಅನ್ನೋ ಆನ್‌ಲೈನ್ ತಾಣಗಳಲ್ಲಿ ಪಾಠಗಳು ಫ್ರೀ ಇವೆ. ನಾನೂ ಆರ್ಟ್ಸ್ ಹುಡುಗಿಯೇ, ಎಂಎ ಮೊದಲ ಸೆಮಿಸ್ಟರಲ್ಲಿ ಬೋರ್ಡ್ ಮೇಲೆ ಇಂಟಿಗ್ರಲ್ ಚಿಹ್ನೆ ನೋಡಿ ಇದು ಯಾವ ಅಕ್ಷರ ಅಂತ ಪಕ್ಕದವಳನ್ನ ಕೇಳಿದವಳು. ಆ ವರ್ಷ ರಾತ್ರಿ ಹಾಸ್ಟೆಲಲ್ಲಿ ಅತ್ತಿದ್ದೂ ಉಂಟು, ಆದ್ರೆ ದಾಟಿದೆ. ಒಂದು ಎಚ್ಚರಿಕೆ, ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್, ಐಐಟಿಗಳು ಇವುಗಳ ಎಂಟ್ರೆನ್ಸಲ್ಲಿ ಗಣಿತ ಜೋರಾಗೇ ಇರುತ್ತೆ, ಈ ವರ್ಷಾನೇ ಬರೆದು ಸಿಗಲಿಲ್ಲ ಅಂತ ಕುಗ್ಗಬೇಡಿ. ಮೈಸೂರಿನ ಮಾನಸಗಂಗೋತ್ರಿ, ಶಂಕರಘಟ್ಟದ ಕುವೆಂಪು ವಿವಿ, ಕಲಬುರಗಿ ಹತ್ರದ ಸೆಂಟ್ರಲ್ ಯೂನಿವರ್ಸಿಟಿ, ಹೈದರಾಬಾದ್ ಸೆಂಟ್ರಲ್ ಯೂನಿವರ್ಸಿಟಿ, ಇಲ್ಲೆಲ್ಲ ಎಂಎ ಎಕನಾಮಿಕ್ಸ್ ಇದೆ. ಬೆಂಗಳೂರಿನ ಅಜೀಂ ಪ್ರೇಂಜಿ ವಿವಿಯಲ್ಲಿ ಎಂಎ ಡೆವಲಪ್‌ಮೆಂಟ್ ಇದೆ, ಮನೆಯ ಆದಾಯ ನೋಡಿ ಸ್ಕಾಲರ್‌ಶಿಪ್ ಕೊಡ್ತಾರೆ. ಸಾಧ್ಯ ಆದ್ರೆ ಊರು ಬಿಟ್ಟು ಸೆಂಟ್ರಲ್ ಯೂನಿವರ್ಸಿಟಿ ಒಂದಕ್ಕೆ ಹೋಗಿ ಅಂತ ನಾನು ಹೇಳ್ತೀನಿ, ಫೀಸ್ ಕಡಿಮೆ, ಲೈಬ್ರರಿ ದೊಡ್ಡದು, ಜೊತೆಗೆ ಓದೋ ಮಕ್ಕಳಿಂದಾನೇ ಅರ್ಧ ಕಲಿತೀರಿ.

ಇಂಗ್ಲಿಷ್ ಬಗ್ಗೆ ನೀವು ಕೇಳಿಲ್ಲ ಆದ್ರೆ ಭಯ ಇದ್ದೇ ಇರುತ್ತೆ. ಪೇಪರುಗಳೆಲ್ಲ ಇಂಗ್ಲಿಷಲ್ಲೇ, ಲೆಕ್ಚರರ್ ಅರ್ಹತೆಗೆ, ಫೆಲೋಶಿಪ್‌ಗೆ ಬರೆಯೋ ನೆಟ್ ಪರೀಕ್ಷೆಯ ಎಕನಾಮಿಕ್ಸ್ ಪ್ರಶ್ನೆಗಳೂ ಕನ್ನಡದಲ್ಲಿ ಬರಲ್ಲ, ಇದನ್ನ ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ. ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳೋ ಒಂದು ಉಪಾಯ ಇದೆ, ಕರ್ನಾಟಕ ಆರ್ಥಿಕ ಸಮೀಕ್ಷೆ ಪ್ರತಿ ವರ್ಷ ಕನ್ನಡದಲ್ಲೂ ಇಂಗ್ಲಿಷಲ್ಲೂ ಬರುತ್ತೆ, ಎರಡನ್ನೂ ಪಕ್ಕ ಪಕ್ಕ ಇಟ್ಕೊಂಡು ಒಂದೊಂದೇ ಅಧ್ಯಾಯ ಓದಿ. ವಿಷಯ ಗೊತ್ತಿರೋದ್ರಿಂದ ಭಾಷೆ ತಾನಾಗೇ ಹತ್ತುತ್ತೆ. ಇನ್ನು ಫೀಲ್ಡಿಗೆ ಹೋದಾಗ ನಿಮ್ಮ ಕನ್ನಡಾನೇ ನಿಮ್ಮ ಬಂಡವಾಳ, ಅದರಲ್ಲೂ ಲೈನ್ ಮನೆಯ ಮಾತು, ಮರಗಸಿ ಅಂದ್ರೇನು, ಕಸಿ ಕೆಲಸಕ್ಕೆ ಯಾವ ತಿಂಗಳು, ಮೇಸ್ತ್ರಿ ಕಮಿಷನ್ ಎಲ್ಲಿ ಹಿಡೀತಾನೆ ಅನ್ನೋದು.

ಹಂಗಂತ ನಮ್ಮೋರು ಅನ್ನೋ ಒಂದೇ ಕಾರಣಕ್ಕೆ ಜನ ನಿಜ ಹೇಳಿಬಿಡ್ತಾರೆ ಅಂತ ನಂಬಬೇಡಿ, ಆ ತಪ್ಪು ನಾನು ಮಾಡಿದೀನಿ. ಪಿಎಚ್‌ಡಿ ಮಾಡುವಾಗ ಹಾಸನ ಜಿಲ್ಲೆಯ ಒಂದು ಎಸ್ಟೇಟಲ್ಲಿ ಸಂಜೆ ಹಣ್ಣು ತೂಕ ಹಾಕೋ ಜಾಗದಲ್ಲೇ ನಿಂತು ಹೆಂಗಸರನ್ನ ಮಾತಾಡಿಸ್ತಿದ್ದೆ, ಅಲ್ಲಿ ಎಲ್ಲರೂ ಒಟ್ಟಿಗೆ ಸಿಗ್ತಾರೆ ಅಂತ. ಹತ್ತಡಿ ದೂರದಲ್ಲಿ ರೈಟರ್ ಕೂತಿರ್ತಿದ್ರು. ಮೂರು ತಿಂಗಳು ಹಾಗೇ ಮಾಡಿದೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದ್ರೆ ಎಲ್ಲರ ಕೂಲಿನೂ ಒಂದೇ, ಎಲ್ಲರಿಗೂ ಸಾಲ ಇಲ್ಲ, ಎಲ್ಲರಿಗೂ ರಜ ಸಿಗುತ್ತೆ. ಆಮೇಲೆ ಒಬ್ಬ ಅಜ್ಜಿ, ನೀನೂ ರೈಟರ್ ಮಗಳೇ ಅಲ್ವೇನವ್ವ, ನಿನ್ನತ್ರ ಏನಂತ ಹೇಳ್ಲಿ ಅಂದ್ರು. ಆ ಮಾತು ಕೇಳಿ ನನಗೆ ಮಾತೇ ಹೊರಡಲಿಲ್ಲ. ಮೂರು ತಿಂಗಳ ಡೇಟಾ ಪೂರ್ತಿ ಬಿಟ್ಟು, ಭಾನುವಾರ ಸಂತೆಯಲ್ಲಿ, ರಾತ್ರಿ ಒಲೆ ಮುಂದೆ, ಒಬ್ಬೊಬ್ಬರನ್ನೇ ಮಾತಾಡಿಸಿ ಮೊದಲಿಂದ ಶುರು ಮಾಡಿದೆ. ನಿಮಗೆ ಉಲ್ಟಾ ಕಷ್ಟ ಬರುತ್ತೆ, ನಿಮ್ಮ ಲೈನಿನವರು ಮಗಳೇ ಅಂತ ಎಲ್ಲಾ ಹೇಳ್ತಾರೆ, ಬರೆದಿದ್ದು ಹೊರಗೆ ಬಂದಾಗ ಯಾವ ಎಸ್ಟೇಟು ಅಂತ ಗೊತ್ತಾದ್ರೆ ಹೇಳಿದವರ ಮನೆಗೇ ಕುತ್ತು. ಲೈನ್ ಮನೆ ಕೆಲಸಕ್ಕೆ ಕಟ್ಟಿರೋ ಮನೆ, ಕೆಲಸ ಹೋದ್ರೆ ಸೂರೂ ಹೋಗುತ್ತೆ, ನಿಮಗೆ ನಾನು ಹೇಳಬೇಕಿಲ್ಲ. ಹಾಗಾಗಿ ಸ್ವಂತ ಎಸ್ಟೇಟಲ್ಲಿ ಸರ್ವೆ ಮಾಡಲೇಬೇಡಿ, ಬೇರೆ ತಾಲ್ಲೂಕಿಗೆ ಹೋಗಿ.

ಆ ಸೂರಿನ ಮಾತು ಬಂತಲ್ಲ, ಅದೇ ಒಂದು ಒಳ್ಳೇ ಥೀಸಿಸ್ ವಿಷಯ. 1951ರ ಪ್ಲಾಂಟೇಶನ್ ಲೇಬರ್ ಆಕ್ಟ್ ಪ್ರಕಾರ ಮನೆ, ವೈದ್ಯಕೀಯ ಸೌಲಭ್ಯ ಕೊಡಬೇಕಿದ್ದಿದ್ದು 5 ಹೆಕ್ಟೇರಿಗಿಂತ ಕಡಿಮೆ ಇಲ್ಲದ, 15 ಅಥವಾ ಹೆಚ್ಚು ಆಳುಗಳಿರೋ ತೋಟಗಳು. ನಮ್ಮ ದೇಶದ ಕಾಫಿ ಬೆಳೆಗಾರರಲ್ಲಿ ಬಹುಪಾಲು ಸಣ್ಣವರು, ಹೆಚ್ಚಿನವರು ಆ ಗೆರೆಯಿಂದ ಆಚೆಗೇ ಉಳೀತಾರೆ. 14 ಆಳಿರೋ ತೋಟಕ್ಕೂ 16 ಆಳಿರೋ ತೋಟಕ್ಕೂ ಏನು ವ್ಯತ್ಯಾಸ? ಗೆರೆ ದಾಟದೇ ಇರೋಕೆ ಕಾಯಂ ಆಳು ಬಿಟ್ಟು ಕಂಟ್ರಾಕ್ಟ್ ಆಳು ತಗೋತಿದ್ರಾ? ಹಂಗಿದ್ರೆ ಆಳಿನ ರಕ್ಷಣೆಗೆ ಬಂದ ಕಾನೂನೇ ಕಾಯಂ ಕೆಲಸ ಕಡಿಮೆ ಮಾಡ್ತಾ? 2020ರ ಹೊಸ ಲೇಬರ್ ಕೋಡಲ್ಲಿ ಆ ಆಕ್ಟ್ ವಿಲೀನ ಆಗಿದೆ, ಅಂದ್ರೆ ಮುಂಚೆ-ಆಮೇಲೆ ಅಂತ ನೋಡೋ ಅವಕಾಶ ನಿಮ್ಮ ಪೀಳಿಗೆಗೇ ಸಿಗೋದು. ಶಕ್ತಿ ಯೋಜನೆಯೂ ಹಾಗೇ, 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ ಫ್ರೀ, ಆದ್ರೆ ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ಬೇಕು, ಮತ್ತೆ ಮುಖ್ಯವಾಗಿ ಬಸ್ಸೇ ಬರಬೇಕು. ಎಸ್ಟೇಟಿಂದ ಬಸ್ ಸ್ಟಾಪಿಗೆ ಐದು ಕಿಲೋಮೀಟರ್ ನಡೆಯೋ ಹೆಂಗಸಿಗೆ ಆ ಯೋಜನೆ ಎಷ್ಟು ತಲುಪಿತು? ಜಿಲ್ಲೆಯ ಸರಾಸರಿ ತೆಗೆದ್ರೆ ಇವೆಲ್ಲ ಕಾಣಲ್ಲ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಜಿಲ್ಲೆ ಬಿಟ್ಟು ತಾಲ್ಲೂಕು ಲೆಕ್ಕ ಹಿಡಿದು 114 ತಾಲ್ಲೂಕು ಹಿಂದುಳಿದಿವೆ ಅಂತ ತೋರಿಸಿದ್ದು ಎಷ್ಟು ದೊಡ್ಡ ಕೆಲಸ ಅಂದ್ರೆ ಇವತ್ತಿಗೂ ಅನುದಾನದ ಮಾತು ಬಂದಾಗ ಆ ವರದಿ ಹೆಸರು ಬರುತ್ತೆ. ಆದ್ರೆ ತಾಲ್ಲೂಕಿನ ಸರಾಸರಿಯಲ್ಲೂ ಲೈನ್ ಮನೆ ಕಾಣಲ್ಲ, ಸಾಹುಕಾರ್ರ ಆದಾಯದ ಪಕ್ಕದಲ್ಲಿ ನಿಮ್ಮಮ್ಮನ ಆದಾಯ ಮುಳುಗಿ ಹೋಗುತ್ತೆ. ಅದನ್ನ ಎತ್ತಿ ತೋರಿಸೋರು ಬೇಕು ಅಂತ ನಾನು ಮನಸಾರೆ ಬಯಸ್ತೀನಿ.

ಈಗ ವರ್ಷ, ದುಡ್ಡು, ಕೆಲಸ. ಎಂಎ ಎರಡು ವರ್ಷ, ಪಿಎಚ್‌ಡಿ ಪುಸ್ತಕದಲ್ಲಿ ಮೂರು ವರ್ಷ ಅಂತಿದ್ರೂ ಫೀಲ್ಡ್ ವರ್ಕ್ ಇರೋ ಥೀಸಿಸಿಗೆ ಐದು ಹಿಡೀರಿ. ಒಟ್ಟು ಏಳು ವರ್ಷ. ಇದರಲ್ಲಿ ಕಷ್ಟದ ಕಾಲ ಮೊದಲ ಎರಡು ಮೂರು ವರ್ಷ, ಯಾಕಂದ್ರೆ ಆಗ ಕೈಗೆ ದುಡ್ಡು ಬರಲ್ಲ, ಸ್ಕಾಲರ್‌ಶಿಪ್ಪು, ಇಲಾಖೆ ಹಾಸ್ಟೆಲ್ಲು, ಅಷ್ಟೇ. ಸ್ಕಾಲರ್‌ಶಿಪ್ ಯಾವತ್ತೂ ತಡವಾಗಿ ಬರುತ್ತೆ, ಅದನ್ನ ನಂಬಿ ತಿಂಗಳ ಖರ್ಚು ಲೆಕ್ಕ ಹಾಕಬೇಡಿ. ಎಂಎ ಮುಗಿಯೋ ವರ್ಷ ಯುಜಿಸಿ ನೆಟ್ ಬರೀರಿ, ಅದರಲ್ಲಿ ಜೆಆರ್‌ಎಫ್, ಅಂದ್ರೆ ಜೂನಿಯರ್ ರಿಸರ್ಚ್ ಫೆಲೋಶಿಪ್, ಬಂದ್ರೆ ಪಿಎಚ್‌ಡಿಗೆ ಸೇರಿದ ಮೇಲೆ ಮೊದಲೆರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. 2023ರ ಜನವರಿಯಿಂದ ಈ ದರ. ಜೆಆರ್‌ಎಫ್‌ಗೆ 30 ವರ್ಷದ ಮಿತಿ ಇದೆ, ಹೆಣ್ಣುಮಕ್ಕಳಿಗೆ, ಎಸ್ಸಿ ಎಸ್ಟಿ ಒಬಿಸಿಯವರಿಗೆ ಐದು ವರ್ಷ ರಿಯಾಯಿತಿ, ಹಾಗಾಗಿ ಮಧ್ಯೆ ಎರಡು ವರ್ಷ ದುಡಿದು ಬಂದ್ರೂ ಬಾಗಿಲು ಮುಚ್ಚಲ್ಲ. ನಮ್ಮ ರಾಜ್ಯದ ಕೆಸೆಟ್ ಪರೀಕ್ಷೆ ಬೇರೆ, ಅದು ಲೆಕ್ಚರರ್ ಅರ್ಹತೆಗೆ ಮಾತ್ರ, ಫೆಲೋಶಿಪ್ ಇಲ್ಲ, ಇವೆರಡನ್ನ ಬಹಳ ಮಕ್ಕಳು ಗೊಂದಲ ಮಾಡ್ಕೋತಾರೆ.

ನನ್ನ ಕೇಳಿದ್ರೆ ನಿಮ್ಮ ಪರಿಸ್ಥಿತಿಗೆ ಹೊಂದೋದು ಆ ಮಧ್ಯದ ದಾರಿನೇ. ಎಂಎ ಆದ್ಮೇಲೆ ಒಂದೆರಡು ವರ್ಷ ಸಂಶೋಧನಾ ಸಂಸ್ಥೆಗಳ ಪ್ರಾಜೆಕ್ಟಲ್ಲಿ ಫೀಲ್ಡ್ ಇನ್ವೆಸ್ಟಿಗೇಟರ್ ಅಥವಾ ರಿಸರ್ಚ್ ಅಸಿಸ್ಟೆಂಟ್ ಆಗಿ. ಬೆಂಗಳೂರಿನ ನಾಗರಬಾವಿಯಲ್ಲಿ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಐಸೆಕ್ (ಇನ್‌ಸ್ಟಿಟ್ಯೂಟ್ ಫಾರ್ ಸೋಶಿಯಲ್ ಅಂಡ್ ಎಕನಾಮಿಕ್ ಚೇಂಜ್) ಇದೆ, ಚೆನ್ನೈ ಕಡೆ ಯೋಜನೆಗಳ ಪರಿಣಾಮ ಅಳೆಯೋ ಜೆ-ಪಾಲ್ ಸಂಸ್ಥೆಯವರು ಸರ್ವೆ ನಡೆಸ್ತಾರೆ, ಎಲ್ಲಾ ಕಡೆ ಕನ್ನಡ ಬರೋ, ಹಳ್ಳಿ ಗೊತ್ತಿರೋ ಹುಡುಗಿಯರಿಗೆ ಬೇಡಿಕೆ ಇದೆ. ಮನೆಗೆ ಸ್ವಲ್ಪ ದುಡ್ಡು ಕಳಿಸಬಹುದು, ತಮ್ಮ ಪಿಯುಸಿ ದಾಟ್ತಾನೆ, ಡೇಟಾ ಕೆಲಸ ಕೈಗೆ ಹತ್ತುತ್ತೆ, ಪಿಎಚ್‌ಡಿಗೆ ಬೇಕಾದ ಪ್ರಶ್ನೆ ಯಾವುದು ಅಂತ ನಿಮಗೇ ಗೊತ್ತಾಗುತ್ತೆ. ಅಪಾಯ ಏನಂದ್ರೆ ಪ್ರಾಜೆಕ್ಟ್ ಕೆಲಸ ಹನ್ನೊಂದು ತಿಂಗಳು, ಆರು ತಿಂಗಳು ಅಂತ ತುಂಡು ತುಂಡಾಗಿ ಬರುತ್ತೆ, ಒಂದರಿಂದ ಇನ್ನೊಂದಕ್ಕೆ ಹಾರ್ತಾ ಎಂಟು ವರ್ಷ ಕಳೆದವರನ್ನ ನೋಡಿದೀನಿ. ಎರಡು ವರ್ಷ ಅಂತ ಮೊದಲೇ ಗೆರೆ ಹಾಕ್ಕೊಳ್ಳಿ.

ನೇರವಾಗಿ ಪಿಎಚ್‌ಡಿ ಸೇರೋದಾದ್ರೆ ಯೂನಿವರ್ಸಿಟಿ ಹೆಸರಿಗಿಂತ ಗೈಡ್ ಯಾರು ಅಂತ ನೋಡಿ, ಅವರ ಹಳೇ ವಿದ್ಯಾರ್ಥಿಗಳು ಎಷ್ಟು ವರ್ಷಕ್ಕೆ ಮುಗಿಸಿದ್ರು, ಈಗ ಎಲ್ಲಿದಾರೆ ಅಂತ ಅವರನ್ನೇ ಫೋನ್ ಮಾಡಿ ಕೇಳಿ, ಯಾರೂ ತಪ್ಪು ತಿಳ್ಕೊಳಲ್ಲ. ದುಡ್ಡು ಕೊಟ್ರೆ ಮೂರು ದಿನಕ್ಕೆ ನಿಮ್ಮ ಪೇಪರ್ ಹಾಕ್ತೀವಿ ಅನ್ನೋ ಜರ್ನಲ್‌ಗಳಿಂದ ದೂರ ಇರಿ, ಅದಕ್ಕೆ ಕೊಡೋ ದುಡ್ಡಲ್ಲಿ ತಮ್ಮನ ಫೀಸ್ ಕಟ್ಟಬಹುದು.

ಕೊನೆಗೆ ಕೆಲಸ ಸಿಗುತ್ತಾ ಅಂದ್ರಿ. ಕಾಯಂ ಅಸಿಸ್ಟೆಂಟ್ ಪ್ರೊಫೆಸರ್ ಆದ್ರೆ ಮೂಲ ವೇತನವೇ 57,700ರಿಂದ ಶುರು, ಗೌರವದ ಬದುಕು. ಆದ್ರೆ ಆ ನೇಮಕಾತಿ ನಮ್ಮ ರಾಜ್ಯದಲ್ಲಿ ವರ್ಷಗಟ್ಟಲೆ ಆಗಲ್ಲ, ಆದಾಗ ಒಂದು ಹುದ್ದೆಗೆ ಜನ ಸಾಲುಗಟ್ಟಿ ನಿಂತಿರ್ತಾರೆ. ಮಧ್ಯದಲ್ಲಿ ಸಿಗೋದು ಅತಿಥಿ ಉಪನ್ಯಾಸಕರ ಕೆಲಸ, ಪಿಎಚ್‌ಡಿ ಮಾಡಿ ಹದಿನೈದು ವರ್ಷ ಅತಿಥಿಯಾಗೇ ಉಳಿದ ಗೆಳತಿಯರು ನನಗಿದಾರೆ, ಅವರ ಪಾಠ ನನ್ನ ಪಾಠಕ್ಕಿಂತ ಚೆನ್ನಾಗಿರುತ್ತೆ. ಈ ಅನ್ಯಾಯ ನಿಜ, ನಿಮಗೂ ಆಗಬಹುದು. ಅದಕ್ಕೇ ಪಿಎಚ್‌ಡಿ ಮಾಡುವಾಗ ಡೇಟಾ ಕೆಲಸನ ಗಟ್ಟಿಯಾಗಿ ಕಲೀರಿ, ಆರ್ ಅನ್ನೋ ಸಾಫ್ಟ್‌ವೇರ್ ಪೂರ್ತಿ ಫ್ರೀ, ಕೇಂದ್ರ ಸರ್ಕಾರದ ಕಾರ್ಮಿಕ ಸರ್ವೆ ಪಿಎಲ್‌ಎಫ್‌ಎಸ್‌ನ ಮನೆ ಮನೆ ಡೇಟಾ ಕೂಡ ಫ್ರೀಯಾಗಿ ಸಿಗುತ್ತೆ. ಅದು ಕೈಲಿದ್ರೆ ಕಾಲೇಜು ಬಿಟ್ಟು ಬೇರೆ ಕಡೆನೂ ಕೆಲಸ ಸಿಗುತ್ತೆ.

ಬಿಎಡ್, ಕೆಎಎಸ್ ಬಗ್ಗೆ ಮಾವ ಹೇಳಿದ್ದು ನಿಮ್ಮ ಮೇಲಿನ ಪ್ರೀತಿಗೆ, ತಳ್ಳಿಹಾಕಬೇಡಿ. ಬಿಎಡ್ ಎರಡು ವರ್ಷಕ್ಕೆ ಮುಗಿಯುತ್ತೆ, ಮನೆ ಹತ್ರಾನೇ ಇರಬಹುದು. ಕೆಎಎಸ್ ಮಾತ್ರ ಲಾಟರಿ ಥರ, ಅಧಿಸೂಚನೆಗೇ ವರ್ಷಗಟ್ಟಲೆ ಕಾಯಬೇಕು, ಅದನ್ನೇ ನಂಬಿ ಕೂರೋದು ಪಿಎಚ್‌ಡಿಗಿಂತ ಕಡಿಮೆ ಅಪಾಯ ಅಂತ ನನಗನ್ಸಲ್ಲ. ಮಾವನಿಗೆ ಇನ್ನೊಂದು ಹೆಸರು ಹೇಳಿ, ಇಂಡಿಯನ್ ಎಕನಾಮಿಕ್ ಸರ್ವೀಸ್. ಯುಪಿಎಸ್‌ಸಿ ನಡೆಸೋ ಪರೀಕ್ಷೆ, ಎಂಎ ಎಕನಾಮಿಕ್ಸ್ ಇದ್ರೆ ಬರೀಬಹುದು, ಸರ್ಕಾರದ ಒಳಗೇ ಯೋಜನೆಗಳ ಲೆಕ್ಕ ನೋಡೋ ಕೆಲಸ. ಎಂಎ ಮಾಡಿದ್ರೆ ಈ ದಾರಿಗಳೆಲ್ಲ ತೆರೆದೇ ಇರ್ತವೆ, ಹಾಗಾಗಿ ಈಗ ನಿರ್ಧಾರ ಮಾಡಬೇಕಿರೋದು ಎಂಎ ಬಗ್ಗೆ ಮಾತ್ರ, ಏಳು ವರ್ಷದ ಬಗ್ಗೆ ಅಲ್ಲ. ಇದನ್ನ ಮಾವನ ಹತ್ರ ಹೀಗೇ ಹೇಳಿ ನೋಡಿ.

ಇನ್ನೊಂದು ವಿಷಯ ಹೇಳಲೇಬೇಕು. ಒಂದು ದಿನ ನಿಮ್ಮ ಲೆಕ್ಕದಲ್ಲಿ ನೀವು ಪ್ರೀತಿಸೋ ಯೋಜನೆ ಏನೂ ಕೆಲಸ ಮಾಡಿಲ್ಲ ಅಂತ ಬರುತ್ತೆ. ನನಗೆ ಬಂದಿದೆ. ಅದನ್ನ ಬರೆದ್ರೆ ಬಡವರ ವಿರೋಧಿಗಳು ಎತ್ತಿ ಕುಣೀತಾರೆ ಅನ್ನೋ ಭಯದಲ್ಲಿ ಆ ಪೇಪರನ್ನ ಒಂದು ವರ್ಷ ಡ್ರಾಯರಲ್ಲಿ ಇಟ್ಟಿದ್ದೆ. ಇಡಬಾರದಿತ್ತು. ಆ ವರ್ಷ ಪೂರ್ತಿ ತಪ್ಪಾಗಿ ನಡೀತಿದ್ದ ಯೋಜನೆ ತಪ್ಪಾಗೇ ನಡೀತು, ತೊಂದರೆ ಆಗಿದ್ದು ಆ ಹೆಂಗಸರಿಗೇ. ನಿಮ್ಮಮ್ಮನ ಅಡ್ವಾನ್ಸ್ ತೀರಿದ್ದು ಗೃಹಲಕ್ಷ್ಮಿಯಿಂದ ಅಲ್ಲ ಅಂತ ನಿಮ್ಮದೇ ಲೆಕ್ಕ ಹೇಳಿದ್ರೆ ಅದನ್ನ ಬರೆಯೋಕೆ ಆಗುತ್ತಾ ಅಂತ ಒಂದು ರಾತ್ರಿ ಕೂತು ಯೋಚಿಸಿ. ಆಗುತ್ತೆ ಅನ್ಸಿದ್ರೆ ಬನ್ನಿ.

ಅಲ್ಲಿ ತನಕ ಒಂದು ಸಣ್ಣ ಕೆಲಸ. ಅಮ್ಮನ ಹತ್ರ ಕೂತು 2022ರಿಂದ ಇವತ್ತಿನ ತನಕ ತಿಂಗಳು ತಿಂಗಳು ಎಷ್ಟು ದಿನ ಕೆಲಸ, ಎಷ್ಟು ಕೂಲಿ, ಎಷ್ಟು ಅಡ್ವಾನ್ಸ್, ಯಾವ ತಿಂಗಳು ಕಂತು ಬಂತು, ಯಾವ ತಿಂಗಳು ತಪ್ಪಿತು ಅಂತ ಒಂದು ನೋಟ್‌ಬುಕ್ಕಲ್ಲಿ ಬರೀರಿ. ನೆನಪಿಲ್ಲದ ಕಡೆ ಖಾಲಿ ಬಿಡಿ, ಅಂದಾಜು ಬರೀಬೇಡಿ. ಸಂಬಳದ ಹಳೇ ಚೀಟಿ, ಪಾಸ್‌ಬುಕ್ಕು ಟ್ರಂಕಲ್ಲಿ ಇದ್ರೆ ಮಳೆಗಾಲಕ್ಕೆ ಮುಂಚೆ ಪ್ಲಾಸ್ಟಿಕ್ ಕವರಿಗೆ ಹಾಕಿಡಿ, ಲೈನ್ ಮನೆ ಗೋಡೆ ಜುಲೈಯಲ್ಲಿ ಹೇಗೆ ಒಸರುತ್ತೆ ಅಂತ ನನಗೂ ಗೊತ್ತು.